ಸುತ್ತಿ ಹೋದ ಚೌಕ

ಮಹಾರಾಷ್ಟ್ರದ ಗಡಿಯ ಇಚಲಕರಂಜಿಯಲ್ಲಿ ಮಗ್ಗದಿಂದ ಇಳಿದ ಬಟ್ಟೆ ನೇರವಾಗಿ ಪೇಟೆಗೆ ಹೋಗುವುದಿಲ್ಲ. ಮೊದಲು ಪಾರುಬಾಯಿಯಂಥವರ ಕಣ್ಣ ಕೆಳಗೆ ಹಾಯಬೇಕು. ಕೆಳಗೆ ಟ್ಯೂಬ್‌ಲೈಟು ಉರಿಯುವ ಗಾಜಿನ ಮೇಜು, ಅದರ ಮೇಲೆ ಹರಿದುಬರುವ ಬಟ್ಟೆ, ಎದುರಿಗೆ ಸೂಜಿ ಹಿಡಿದು ಕುಂತ ಪಾರುಬಾಯಿ. ಹೊಕ್ಕಿನ ಎಳೆಯೊಂದು ತಪ್ಪಿದ್ದರೆ, ಹಾಸಿನ ಎಳೆಯೊಂದು ಕಡಿದಿದ್ದರೆ ಅವಳಿಗೆ ಕಾಣುತ್ತದೆ. ಕಂಡ ಕೂಡಲೇ ಸೂಜಿಯಿಂದ ಎಳೆ ಹೊಗಿಸಿ, ಉಗುರಿನಿಂದ ತಿಕ್ಕಿ, ಮುಂದೆ ದೂಡುತ್ತಾಳೆ. ಈ ಕೆಲಸಕ್ಕೆ ಅಲ್ಲಿ ಮೆಂಡಿಂಗ್ ಎನ್ನುತ್ತಾರೆ. ಮೂವತ್ತೊಂದು ವರ್ಷ ಇದನ್ನೇ ಮಾಡಿದ್ದಾಳೆ.

ತವರು ಗಡಹಿಂಗ್ಲಜ. ಅಲ್ಲಿನ ಮನೆಯ ಮುಂದಿನ ಹಾಸುಗಲ್ಲಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು ತಮ್ಮ ಸಖಾರಾಮನ ಜೊತೆ ಹುಲಿ-ಕುರಿ ಆಡಿದವಳು. ಹುಲಿ ಇವಳದಾದರೂ ಗೆಲ್ಲುತ್ತಿದ್ದಳು, ಕುರಿ ಇವಳದಾದರೂ ಗೆಲ್ಲುತ್ತಿದ್ದಳು. ಸಖಾರಾಮ ಸೋತು ಹುಣಸೆಬೀಜ ಎರಚಿ ಓಡಿಹೋಗುತ್ತಿದ್ದನಂತೆ. ಆ ಸಖಾರಾಮನ ಮಗಳೇ ಮೋನಾಲಿ. ಕೊಲ್ಹಾಪುರದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ಭರತೇಶ ಎಂಬ ಗೆಳೆಯನನ್ನು ಜೊತೆಗಿಟ್ಟುಕೊಂಡು ಆ ಹುಡುಗಿ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ ಆಟ ಕಟ್ಟುತ್ತಾಳೆ. ನಕಾಶೆಯ ಚಿತ್ರ ಅವಳದು, ಒಳಗಿನ ಯಂತ್ರ ಭರತೇಶನದು. ಬೆನ್ನ ಹಿಂದೆ ದೊಡ್ಡ ಕಂಪನಿ ಯಾವುದೂ ಇಲ್ಲ.

ಮೂರು ವರ್ಷದ ಕೆಳಗೆ 'ಬುರುಜು' ಎಂಬ ಆಟ ಬಿಟ್ಟರು. ಒಂದು ಗುಡ್ಡದ ಕೋಟೆ, ಚೌಕ ಚೌಕ ಮಾಡಿದ ನೆಲ, ನಿನ್ನ ಕೈಯಲ್ಲಿ ಏಳು ಜನ ಕಾವಲುಗಾರರು. ನೀನು ನಡೆಸಿದ ಮೇಲೆ ವೈರಿಯ ಪಾಳಿ, ವೈರಿ ನಡೆಸಿದ ಮೇಲೆ ನಿನ್ನ ಪಾಳಿ. ಪಾರುಬಾಯಿಗೆ ಇದು ಹಿಡಿಸಿಬಿಟ್ಟಿತು. "ನಾ ವಿಚಾರ ಮಾಡೂತನಕಾ ವೈರಿ ಸುಮ್ಮ ನಿಂತಿರ್ತಾನ ನೋಡವ್ವಾ, ಇಷ್ಟ ಶಾಣ್ಯಾ ವೈರಿ ನಮ್ಮ ಓಣ್ಯಾಗ ಒಬ್ಬನೂ ಇಲ್ಲ" ಎಂದು ಸೊಸೆಗೆ ಹೇಳಿ ನಗಿಸಿದ್ದಳು. ಸೊಸೆ ಅಂದರೆ ಮೋನಾಲಿಯೇ, ಆ ಕಡೆ ತಮ್ಮನ ಮಗಳನ್ನು ಹಾಗೆಂದೇ ಕರೆಯುತ್ತಾರೆ.

ಆ ಆಟ ಯಾರೂ ಎಣಿಸದಷ್ಟು ದೂರ ಹೋಯಿತು. ಹೆಸರು ಕೇಳದ ದೇಶಗಳಿಂದ ಪತ್ರ ಬಂದವು: ಎರಡನೆಯದು ಯಾವಾಗ? ಮೋನಾಲಿ ಒಂದು ತಾರೀಖು ಹೇಳಿದಳು, ಮುಂದೂಡಿದಳು. ಇನ್ನೊಂದು ಹೇಳಿದಳು, ಅದನ್ನೂ ಮುಂದೂಡಿದಳು. ಕಾಯುವವರ ಸಂಖ್ಯೆ ಹನ್ನೊಂದು ಸಾವಿರ ದಾಟಿತು. ಅವಳ ಊಟ ಕಡಿಮೆಯಾಯಿತು.

"ಮೊದಲನೇದಕ್ಕ ಅಂಜಿಕೀನ ಇರಲಿಲ್ಲ ಅತ್ತಿ. ಯಾರಿಗೂ ನಾವ ಗೊತ್ತಿರಲಿಲ್ಲ."

"ಹೌದ ಮತ್ತ. ಹಸದವ ಮೊದಲನೇ ರೊಟ್ಟಿ ಕರಕಾದ್ರೂ ತಿಂತಾನ. ಎರಡನೇದ್ದು ಕೈಯಾಗ ಹಿಡದು ತಿರಿವಿ ಮುರಿವಿ ನೋಡ್ತಾನ."

"ಧೈರ್ಯಾ ಹೇಳಾಕ ಬಂದೀಯೋ, ಹೆದರಸಾಕ ಬಂದೀಯೋ?"

ಬಿಡುಗಡೆಗೆ ಒಂದು ತಿಂಗಳಿರುವಾಗ ಮೋನಾಲಿ 'ಬುರುಜು ಎರಡು' ಅನ್ನು ಅತ್ತೆಯ ಫೋನಿಗೆ ಹಾಕಿಕೊಟ್ಟಳು. "ನಿನ್ನಂಥಾ ಕಣ್ಣು ನಮ್ಮ ಹಂತ್ಯಾಕ ಯಾರಿಗೂ ಇಲ್ಲ. ಆಡಿ ನೋಡು. ಏನರ ತಪ್ಪ ಸಿಕ್ಕರ ಹೇಳು." ಪಾರುಬಾಯಿ ದಿನಾ ಊಟದ ಬಿಡುವಿನಲ್ಲಿ, ಭಾನುವಾರ ಮನೆಯಲ್ಲಿ ಆಡಿದಳು. ಎಂಟು ದಿನಕ್ಕೊಮ್ಮೆ ಮೋನಾಲಿ ಫೋನು ಮಾಡಿ ಕೇಳುವಳು, "ಏನರ ಸಿಕ್ತೇನ ಅತ್ತಿ?" ಇವಳದು ಒಂದೇ ಉತ್ತರ: "ಇಲ್ಲವ್ವಾ, ಭಾಳ ಚಲೋ ಐತಿ."

ಈಗ ಕೇಳಿ. ಸಿಕ್ಕಿತ್ತು. ಒಂದು ನಕಾಶೆ ಗೆದ್ದರೆ ಮುಂದಿನದು ತೆರೆಯುವ ಆಟ ಅದು; ಐದನೆಯ ನಕಾಶೆಯಲ್ಲಿ ಕೋಟೆಗೋಡೆ ಒಂದು ಕಡೆ ಒಡೆದು ಒಂದೇ ಚೌಕದ ಕಿಂಡಿ ಬಿದ್ದಿದೆ. ಆ ಚೌಕದಲ್ಲಿ ಕಾವಲುಗಾರನನ್ನು ನಿಲ್ಲಿಸಿ, ಅತ್ತ ಒಬ್ಬ ಇತ್ತ ಒಬ್ಬ ವೈರಿ ಇರುವಾಗ ಪಾಳಿ ಮುಗಿಸಿದರೆ ಆಟ ಕಲ್ಲಾಗಿಬಿಡುತ್ತದೆ. ವೈರಿ ನಡೆಯುವುದಿಲ್ಲ, ನಿನಗೂ ನಡೆಯಲು ಬಿಡುವುದಿಲ್ಲ. ಮುಚ್ಚಿ ತೆಗೆದರೂ ಅಷ್ಟೇ. ಮೊದಲ ನಕಾಶೆಯಿಂದ ಮತ್ತೆ ಆಡಿಕೊಂಡು ಬರಬೇಕು. ಪಾರುಬಾಯಿ ಅದರಲ್ಲಿ ಒಮ್ಮೆ ಬಿದ್ದಳು. ಎದ್ದು, ಮೊದಲಿನಿಂದ ಆಡಿಕೊಂಡು ಬಂದು, ಈ ಸಲ ಕಿಂಡಿಯನ್ನು ಬಿಟ್ಟು ಸುತ್ತಿ ಹೋದಳು. ಸುತ್ತಿ ಹೋಗಿ ಗೆದ್ದಳು. ಅವಳ ಲೆಕ್ಕದಲ್ಲಿ ತಪ್ಪು ಅಲ್ಲಿಗೆ ಮುಗಿಯಿತು.

ಸೊಸೆಗೆ ಇಲ್ಲ ಅಂದದ್ದು ಸುಳ್ಳಲ್ಲ, ಮೂವತ್ತೊಂದು ವರ್ಷದ ಕೈ ರೂಢಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಒಂದು ತಾಗಾದಲ್ಲಿ, ಅಂದರೆ ಬಟ್ಟೆಯ ಸುರುಳಿಯಲ್ಲಿ, ಗೇಣುದ್ದದ ತಪ್ಪು ಕಂಡು, "ಅಯ್ಯ, ಇಲ್ಲಿ ನೋಡ್ರಿ!" ಎಂದು ಕೂಗಿದ್ದಳು. ಮಾಲಕರು ಅಲ್ಲಿಯೇ ನಿಂತಿದ್ದರು. ಆ ತಾಗಾ ನೇಯ್ದವನು ಪರಪ್ಪ, ಹೆಂಡತಿ ಬಸುರಿ. ಮರುದಿನ ಅವನ ಮಗ್ಗದ ಮುಂದೆ ಬೇರೆ ಯಾರೋ ನಿಂತಿದ್ದರು. ಪರಪ್ಪ ಸೈಕಲ್ಲಿನ ಹಿಂದೆ ಹಾಸಿಗೆ ಕಟ್ಟಿಕೊಂಡು ಹೋಗುವಾಗ ಇವಳ ಕಡೆ ನೋಡಲೂ ಇಲ್ಲ. ಮೇಜಿನ ಹಿರಿಯ ಹೆಂಗಸು ಅಂದು ಹೇಳಿದ ಮಾತು ಇವಳ ಎದೆಯಲ್ಲಿ ಗೂಟವಾಗಿ ಕುಂತಿತು: "ತಪ್ಪ ಕಂಡ್ರ ಬಾಯಿ ತಗೀಬಾರದು, ಸೂಜಿ ತಗೀಬೇಕು." ಅಂದಿನಿಂದ ಪಾರುಬಾಯಿ ಬಾಯಿ ತೆಗೆದದ್ದಿಲ್ಲ. ಎಷ್ಟು ನೇಕಾರರ ಅನ್ನ ಅವಳ ಮೌನದಲ್ಲಿ ಉಳಿದಿದೆಯೋ, ಯಾರಿಗೆ ಗೊತ್ತು?

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಗುರುವಾರ ಊಟದ ಬಿಡುವಿನಲ್ಲಿ ಪಕ್ಕದ ಮೇಜಿನ ಸೋನಲ ಫೋನು ಹಿಡಿದು ಓಡಿಬಂದಳು.

"ಮಾವಶಿ, ಬಘಾ ಬಘಾ, ಇಲ್ಲಿ ನೋಡ್ರಿ! ನಿಮ್ಮ ಸೊಸಿ ಆಟ ಪುಣೇದಾಂವ ಆಡಾಕತ್ತಾನ."

ನಿಲೇಶ ಎಂಬ ಹುಡುಗ. ಹೊಸ ಆಟಗಳನ್ನು ಸಾವಿರಾರು ಜನರ ಎದುರು ಆಡಿ ತೋರಿಸುವುದೇ ಅವನ ಉದ್ಯೋಗ. ಅವನು ಚಲೋ ಅಂದರೆ ಜನ ಕೊಳ್ಳುತ್ತಾರೆ, ಮೂಗು ಮುರಿದರೆ ಬಿಡುತ್ತಾರೆ. ಮೋನಾಲಿ ಅವನಿಗೆ ಎರಡು ದಿನ ಮೊದಲೇ ಆಟ ಕಳಿಸಿದ್ದಳು. ಅವನು ನಾಲ್ಕನೆಯ ನಕಾಶೆಯಲ್ಲಿದ್ದ. ಪಾರುಬಾಯಿ ಕನ್ನಡಕ ಏರಿಸಿ ನೋಡಿದಳು. ನೋಡುತ್ತ ನೋಡುತ್ತ ಅವಳ ಕೈಯಲ್ಲಿನ ಜೋಳದ ಭಕ್ಕರಿ ಹಾಗೇ ನಿಂತಿತು. ಈ ಹುಡುಗ ಸುತ್ತಿ ಹೋಗುವವನಲ್ಲ! ಬಾಗಿಲು ಕಂಡಲ್ಲಿ ನುಗ್ಗುತ್ತಾನೆ, ಸಂದು ಕಂಡಲ್ಲಿ ಒಬ್ಬನನ್ನು ತುರುಕುತ್ತಾನೆ. ಕೊನೆಗೆ ಕೈ ಜಾಡಿಸಿ, "ಐದನೆಯ ನಕಾಶೆ ನಾಳೆ ಎರಡು ಗಂಟೆಗೆ, ಎಲ್ಲರೆದುರು" ಎಂದು ಮರಾಠಿಯಲ್ಲಿ ಹೇಳಿ ಹೋದ.

"ಕಾಯ ಝಾಲಂ, ಏನಾತು ಮಾವಶಿ? ಮಾರಿ ಬೆಳ್ಳಗಾತಲ್ಲ?"

"ಏನಿಲ್ಲ. ಗಂಟಲದಾಗ ಸಿಕ್ತು."

ಸಿಕ್ಕದ್ದು ಭಕ್ಕರಿಯಲ್ಲ. ತಾನು ಸುತ್ತಿ ಹೋದರೆ ತನ್ನೊಬ್ಬಳ ದಾರಿ ಸುತ್ತಾಯಿತು, ಚೌಕ ಅಲ್ಲಿಯೇ ಬಾಯಿ ತೆರೆದುಕೊಂಡಿದೆ ಎಂಬುದು ಅವಳಿಗೆ ಆಗ ಹೊಳೆಯಿತು. ಬಟ್ಟೆಯಲ್ಲಾದರೆ ಅವಳ ಸೂಜಿ ಹಾದ ಮೇಲೆ ತಪ್ಪು ಯಾರಿಗೂ ಇಲ್ಲ. ಇಲ್ಲಿ ಅವಳು ಸೂಜಿ ಹಾಕಿರಲೇ ಇಲ್ಲ. ಹನ್ನೊಂದು ಸಾವಿರ ಜನ ನಾಳೆ ಅದೇ ಕಿಂಡಿಗೆ ನಡೆದುಬರುತ್ತಾರೆ, ಎಲ್ಲರ ಮುಂದೆ ಆ ಪುಣೆಯವನು.

ಫೋನು ಹಚ್ಚಿದಳು. ಬಂದ್. ಬಿಡುಗಡೆ ಆಗುವತನಕ ಯಾರ ಮಾತೂ ಬೇಡವೆಂದು ಮೋನಾಲಿ ಫೋನು ಮುಚ್ಚಿಟ್ಟಿದ್ದಳು. ಭರತೇಶನ ನಂಬರು ಇವಳಲ್ಲಿ ಇಲ್ಲ. ಆ ಮಧ್ಯಾಹ್ನ ಪಾರುಬಾಯಿಯ ಮೇಜಿನ ಮೇಲೆ ಬಟ್ಟೆ ಹರಿಯಿತು, ಕಣ್ಣು ಅದರ ಮೇಲಿತ್ತು, ಆದರೆ ಒಂದು ಎಳೆಯೂ ಕಾಣಲಿಲ್ಲ. ಹೇಳಿದರೆ ಏನು, ಹೇಳದಿದ್ದರೆ ಏನು ಎಂದು ಎರಡೂ ಕಡೆ ವೈರಿ ನಿಂತ ಹಾಗಾಗಿತ್ತು. ಹೇಳಿದರೆ ಆ ಯಂತ್ರ ಕಟ್ಟಿದ ಭರತೇಶನ ಗತಿ? ಹೇಳದಿದ್ದರೆ ಮೋನಾಲಿಯ ಮೂರು ವರ್ಷ?

ಬೆಳಿಗ್ಗೆ ರಜೆ ಹೇಳಿ ಕೊಲ್ಹಾಪುರದ ಎಸ್‌ಟಿ ಬಸ್ಸು ಹತ್ತಿದಳು. ದಾರಿಯಲ್ಲಿ ಎರಡು ಸಲ ಇಳಿದುಬಿಡಬೇಕು ಅನಿಸಿತು. ಹಾತಕಣಂಗಲೆಯಲ್ಲಿ ಎದ್ದು ಬಾಗಿಲತನಕ ಹೋಗಿದ್ದಳು. ಕಂಡಕ್ಟರು, "ಕೋಲ್ಹಾಪೂರಚಂ ತಿಕೀಟ ಆಹೇ ನಾ ಆಜೀ?" ಟಿಕೀಟು ಕೊಲ್ಹಾಪುರದ್ದಲ್ಲವೇ ಎಂದು ಗದರಿದ್ದಕ್ಕೆ ಮತ್ತೆ ಬಂದು ಕುಂತಳು.

ಖೋಲಿಗೆ ಮುಟ್ಟಿದಾಗ ಹನ್ನೊಂದು. ಮೋನಾಲಿ ಉಗುರು ಕಚ್ಚುತ್ತ ಕುಂತಿದ್ದಳು. ಅತ್ತೆಯನ್ನು ಕಂಡು ಮುಖ ಅರಳಿತು. "ಆಶೀರ್ವಾದಾ ಮಾಡಾಕ ಬಂದೆಲ್ಲಾ ಅತ್ತಿ!"

ಪಾರುಬಾಯಿ ಕೈಯಲ್ಲಿನ ಚೀಲವನ್ನೂ ಕೆಳಗಿಡಲಿಲ್ಲ. ನಿಂತಲ್ಲಿಯೇ ಹೇಳಿದಳು. "ಐದನೇ ನಕಾಶೆದಾಗ ಒಂದ ತಪ್ಪ ಐತಿ. ನನಗ ಗೊತ್ತಿತ್ತು."

ಭರತೇಶ ಕುರ್ಚಿ ತಿರುಗಿಸಿ, "ತೋರಿಸ್ರಿ ಅತ್ತಿ" ಅಂದ. ಪಾರುಬಾಯಿ ಮೊದಲ ನಕಾಶೆಯಿಂದ ಆಡತೊಡಗಿದಳು. ಇಬ್ಬರೂ ಹೆಗಲ ಮೇಲಿನಿಂದ ನೋಡುತ್ತಿದ್ದರು. ಬೆವರಿದ ಬೆರಳು ಗಾಜಿನ ಮೇಲೆ ಜಾರುತ್ತಿತ್ತು. ಸೆರಗಿಗೆ ಒರಸಿಕೊಂಡು ಮತ್ತೆ ಒತ್ತಿದಳು. ಗೆಲ್ಲಲು ಆಡಿದವಳು ಈಗ ಬೀಳಲು ಆಡುತ್ತಿದ್ದಳು. ಒಳಗೊಳಗೆ, ದೇವರೇ, ಆ ದಿನ ನನಗೇ ಭ್ರಮೆಯಾಗಿರಲಿ ಎಂದು ಬೇಡಿಕೊಂಡಳು. ಒಂದೂಕಾಲಕ್ಕೆ ಕಿಂಡಿಯಲ್ಲಿ ಕಾವಲುಗಾರನನ್ನು ನಿಲ್ಲಿಸಿದಳು. ಅತ್ತ ಒಬ್ಬ ಬಂದ. ಇತ್ತ ಒಬ್ಬ ಬಂದ. ಪಾಳಿ ಮುಗಿಸಿದಳು.

ಆಟ ಕಲ್ಲಾಯಿತು.

"ಎಷ್ಟ ದಿನದಿಂದ ಗೊತ್ತಿತ್ತು?" ಮೋನಾಲಿಯ ದನಿ ಸಣ್ಣಗಿತ್ತು.

"ಹನ್ನೆರಡ ದಿನಾ."

"ಹನ್ನೆರಡ! ನಾ ಕೇಳಿದ್ನಿಲ್ಲ ನಿನ್ನ? ಎರಡ ಸಲಾ ಕೇಳೇನಿ!"

"ಕೇಳಿದ್ದಿ. ನಾ ಅದನ್ನ ಸುತ್ತಿ ಹಾದಿ ಮಾಡಿದ್ನಿ, ಮುಗೀತು ಅಂದ್ಕೊಂಡ್ನಿ. ನಮ್ಮ ಕೆಲಸನ ಹಂಗ ಐತವ್ವಾ. ಬೈಯಿ, ನನಗ ಬೈಯಿ. ಈ ಹುಡುಗನ್ನ ಮಾತ್ರ ಕೆಲಸದಿಂದ ತಗೀಬ್ಯಾಡ. ಇಂವಗ ಹೆಂಡ್ತಿ ಬಸುರಿ ಅದಾಳೇನೋ."

ಭರತೇಶ ಗಾಬರಿಯಾದ. "ಅತ್ತಿ, ನನ್ನ ಲಗ್ನನ ಆಗಿಲ್ಲರಿ."

ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದರು. ಪಾರುಬಾಯಿ ಪರಪ್ಪನ ಕಥೆ ಹೇಳಿದಳು, ನಾಲ್ಕೇ ಮಾತಿನಲ್ಲಿ. ಮೋನಾಲಿ ಪೂರ್ತಿ ಕೇಳಿಸಿಕೊಂಡಳು. ಗಡಿಯಾರ ನೋಡಿದಳು. ಸರಿಮಾಡಲು ಎಷ್ಟು ಹೊತ್ತು ಬೇಕೆಂದು ಕೇಳಿದ್ದಕ್ಕೆ ಭರತೇಶ ನಾಳೆ ಬೆಳಗಾಗುತ್ತದೆ ಅಂದ. ಮೂರನೆಯ ಸಲ ಮುಂದೂಡಿದರೆ ಕಾದವರು ಮತ್ತೆ ಕಾಯುವುದಿಲ್ಲ. ಸುಮ್ಮನೆ ಬಿಟ್ಟರೆ ಕಿಂಡಿ.

ಆಟ ಮಾರುವ ಪುಟದ ಮೇಲೆ ಹಾಕಲು ಮೋನಾಲಿ ಒಂದು ಸೂಚನೆ ಬರೆಯಲು ಕುಂತಳು. ಬರೆದದ್ದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದಳು: ಐದನೆಯ ನಕಾಶೆಯಲ್ಲಿ ನಮ್ಮದೊಂದು ತಪ್ಪಿದೆ. ಒಡೆದ ಗೋಡೆಯ ಕಿಂಡಿಯಲ್ಲಿ ಯಾರನ್ನೂ ನಿಲ್ಲಿಸಬೇಡಿ. ನಾಳೆ ಸರಿಮಾಡುತ್ತೇವೆ.

"ಮುಂದಿನ ಬಾಗಿಲಕ್ಕ ಹಚ್ಚತೀಯಾ ಇದನ್ನ? ಊರಿಗೆಲ್ಲಾ ಕಾಣೂಹಂಗ?" ಪಾರುಬಾಯಿ ಕೇಳಿದಳು. ಒಬ್ಬ ಮಾಲಕನ ಕಿವಿಗೆ ಬಿದ್ದ ಒಂದು ಕೂಗು ಒಂದು ಸಂಸಾರವನ್ನು ಎತ್ತಿಬಿಸಾಕಿದ್ದನ್ನು ಕಂಡವಳು ಅವಳು. ಇದು ಹನ್ನೊಂದು ಸಾವಿರ ಮಾಲಕರ ಎದುರಿಗೆ ಕೂಗಿದಂತೆ.

"ಹೌದು" ಅಂದಳು ಮೋನಾಲಿ. ಒತ್ತಿ ಪುಟಕ್ಕೆ ಏರಿಸಿಬಿಟ್ಟಳು.

ಎರಡಾಯಿತು. ಪುಣೆಯ ಹುಡುಗ ಪರದೆಯ ಮೇಲೆ ಬಂದ. ಸೂಚನೆಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ, ಹುಬ್ಬು ಏರಿಸಿದ, ನೇರ ಕಿಂಡಿಗೆ ಹೋಗಿ ತನ್ನ ಕಾವಲುಗಾರನನ್ನು ನಿಲ್ಲಿಸಿದ. ಪಾರುಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಟ ಕಲ್ಲಾಯಿತು. ಅವನು, "ಖರೇ ಹೇಳಿದ್ದರು. ಕಿತಾಪತಿ ನನ್ನದೇ" ಎಂದು ಮರಾಠಿಯಲ್ಲಿ ಹೇಳಿ ಮೊದಲ ನಕಾಶೆ ತೆಗೆದ. ಹೊಗಳಲಿಲ್ಲ, ತೆಗಳಲಿಲ್ಲ.

ಉಳಿದವರು ಅಷ್ಟು ಸುಮ್ಮನಿರಲಿಲ್ಲ. ಆಟ ಮಾರುವ ಪುಟದಲ್ಲಿ ಐದು ಗಂಟೆಯ ಹೊತ್ತಿಗೆ ನೂರಕ್ಕೂ ಹೆಚ್ಚು ಜನ ಅಭಿಪ್ರಾಯ ಬರೆದಿದ್ದರು. ಮೋನಾಲಿ ಒಂದೊಂದನ್ನೂ ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದಳು, ಯಾವುದನ್ನೂ ಬಿಡಲಿಲ್ಲ. ಮೊದಲನೆಯದಕ್ಕಿಂತ ಬಿಗಿಯಾಗಿದೆ. ಮೊದಲನೆಯದರ ಸವಿ ಇಲ್ಲ. ಏಳು ಕಾವಲುಗಾರರು ಹತ್ತಾದದ್ದು ಚಲೋ. ತಪ್ಪು ಗೊತ್ತಿದ್ದೂ ಮಾರುತ್ತಾರೆ, ನಾಚಿಕೆಯಿಲ್ಲ. ತಪ್ಪನ್ನು ಮೊದಲೇ ಹೇಳಿದರು, ನಾನು ನಾಳೆತನಕ ಕಾಯುತ್ತೇನೆ. ದುಡ್ಡು ವಾಪಸ್ ಕೊಡಿ. ಪುಟದ ತಲೆಗೆ ಹಳದಿ ಬಣ್ಣದಲ್ಲಿ 'ಮಿಶ್ರ' ಎಂಬ ಪದ ಬಿತ್ತು.

"ಮಿಶ್ರ ಅಂದ್ರ?"

"ಅರ್ಧಾ ಮಂದಿ ಹೌದು ಅಂತಾರ, ಅರ್ಧಾ ಮಂದಿ ಅಲ್ಲ ಅಂತಾರ."

"ಮುಳಗಿದ್ವೇನವ್ವಾ?"

"ಗೊತ್ತಿಲ್ಲ ಅತ್ತಿ. ನಾಳೆ ಹೇಳ್ತೇನಿ." ಮೋನಾಲಿ ಪರದೆಯಿಂದ ಕಣ್ಣು ಎತ್ತಿ ಅತ್ತೆಯನ್ನೇ ನೋಡಿದಳು. ಸಿಟ್ಟು ಇಳಿದಿರಲಿಲ್ಲ. "ಒಂದ ಮಾತ ಕೇಳ್ತೇನಿ, ಖರೇ ಹೇಳು. ಇನ್ನೇನರ ಐತೇನು?"

ಭರತೇಶನ ಬೆರಳು ಕೀಲಿಮಣೆಯ ಮೇಲೆ ನಿಂತವು. ಪಾರುಬಾಯಿ ಕನ್ನಡಕ ತೆಗೆದು, ಸೆರಗಿನಿಂದ ಒರಸಿ, ಮತ್ತೆ ಹಾಕಿಕೊಂಡಳು. ಇಲ್ಲವ್ವಾ, ಚಲೋ ಐತಿ ಎಂಬ ಮಾತು ನಾಲಿಗೆಯ ತುದಿತನಕ ಬಂದಿತ್ತು.

"ನಾಕ ಅದಾವ" ಅಂದಳು. "ಬರಕೊಳ್ಳಪಾ ಭರತೇಶಾ. ಏಳನೇ ನಕಾಶೆದಾಗಿನ ಬಾವಿಯಿಂದ ಸುರು ಮಾಡ್ತೇನಿ."