ಇಂಪಾರ್ಟೆಂಟ್ ಹಾಕಿಕೊಟ್ಟ ಕಾದಂಬರಿ

ನಾನು ಚಿಂತೆ ಮಾಡದೇ ಇದ್ದರೆ ಲೋಕದಲ್ಲಿ ಏನೋ ಕೆಡುತ್ತದೆ ಎಂದು ನಂಬಿಕೊಂಡು ಬದುಕಿದವಳು. ಹಾಗಾಗಿ ಈ ಬೇಸಿಗೆಯಲ್ಲಿ ಮಗಳ ಕಾದಂಬರಿಯ ಬಗ್ಗೆಯೂ ಅವಳ ಪರವಾಗಿ ನಾನೇ ಚಿಂತೆ ಮಾಡಿದೆ.

ಅವಳು ಹತ್ತನೇ ಕ್ಲಾಸು ಮುಗಿಸಿದ್ದಳು. ಬಸವನಗುಡಿಯ ಅವಳ ಸ್ಕೂಲಿನಲ್ಲಿ ಹನ್ನೊಂದಕ್ಕೆ ಸಾಹಿತ್ಯದ್ದೇ ಒಂದು ಕಷ್ಟದ ಕೋರ್ಸ್ ಇದೆ. ಅದಕ್ಕೆ ಕೆಲವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ರಜೆಯಲ್ಲಿ ಒಂದು ದಪ್ಪ ಕಾದಂಬರಿ ಓದಿಕೊಂಡು ಬರಬೇಕು. ಪರೀಕ್ಷೆ ಇಲ್ಲ, ಸಾರಾಂಶ ಬೇಡ. ಓದುತ್ತಾ ಓದುತ್ತಾ ಎಲ್ಲಿ ನಿಂತುಬಿಟ್ಟಿರೋ ಆ ಒಂದು ಪುಟವನ್ನು ಮಿಸ್ ಮುಂದೆ ಓದಿ, ಯಾಕೆ ನಿಂತಿರಿ ಅಂತ ಹೇಳಬೇಕು. ಅಷ್ಟೇ. ಆ "ಅಷ್ಟೇ" ಕೇಳಿಯೇ ನನ್ನ ಚಿಂತೆ ಶುರುವಾಯಿತು. ಪ್ರಶ್ನೆಪತ್ರಿಕೆ ಇಲ್ಲದ ಪರೀಕ್ಷೆಗೆ ತಯಾರಿ ಮಾಡೋದು ಹೇಗೆ?

ಮಗಳಿಗೆ ಮಾತ್ರ ಈ ಕೋರ್ಸ್ ಮೇಲೆ ಎಂಟನೇ ಕ್ಲಾಸಿನಿಂದಲೂ ಕಣ್ಣು. ಬಿಸಿಲಿಳಿದ ಮೇಲೆ ಟೆರೇಸಿನ ನೀರಿನ ಟ್ಯಾಂಕಿಗೆ ಒರಗಿಕೊಂಡು ನಿಧಾನವಾಗಿ ಓದುತ್ತಿದ್ದಳು. ತೀರಾ ನಿಧಾನ. ಗುರುತಿಗೆಂದು ಅವಳಿಟ್ಟ ಬಸ್ ಟಿಕೆಟ್ಟು ಪುಸ್ತಕದೊಳಗೆ ಮುಂದಕ್ಕೇ ಹೋಗುತ್ತಿರಲಿಲ್ಲ. ನಾನು ದಿನಾ ನೋಡುತ್ತಿದ್ದೆ.

"ಓದೋಕೆ ಹೇಳಿರೋದು ಅವಳಿಗೋ ನಿನಗೋ?" ಅಂದರು ನನ್ನ ಅಮ್ಮ, ಹುರುಳಿಕಾಯಿ ನಾರು ತೆಗೆಯುತ್ತಾ. ಅವರು ನಮ್ಮ ಜೊತೆಯಲ್ಲೇ ಇರುವುದು. ನನ್ನ ತಪ್ಪುಗಳನ್ನು ನಾನು ಮಾಡುವ ಮೊದಲೇ ನೋಡಿಬಿಡುತ್ತಾರೆ.

ಮೇ ತಿಂಗಳಲ್ಲಿ ಮಗಳು ತುಮಕೂರಿನ ಚಿಕ್ಕಮ್ಮನ ಮನೆಗೆ ಹೊರಟಳು. ಅಲ್ಲಿ ಚಿಕ್ಕ ಮಕ್ಕಳಿದ್ದಾವೆ, ಹರಿದುಹಾಕುತ್ತವೆ ಎಂದು ಪುಸ್ತಕ ಬಿಟ್ಟುಹೋದಳು. ನಾನು ಅದನ್ನು ಆಫೀಸಿನ ಬ್ಯಾಗಿಗೆ ಹಾಕಿಕೊಂಡೆ. ಜೊತೆಗೊಂದು ಪೆನ್ಸಿಲ್.

ಇಲ್ಲೊಂದು ಮಾತು ಹೇಳಬೇಕು. ನಾನು ಓದುವಾಗ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಪ್ರೀತಿಯೆಂದರೆ ಇಂಪಾರ್ಟೆಂಟ್ ಹಾಕಿಕೊಡೋದು. ಒಂದು ಕ್ಲಾಸು ಮುಂದಿರುವ ಅಕ್ಕ ತನ್ನ ಹಳೇ ಟೆಕ್ಸ್ಟ್‌ಬುಕ್ಕಿನಲ್ಲಿ ಯಾವುದು ಬರುತ್ತೆ, ಯಾವುದು ಬರಲ್ಲ ಎಂದು ಗುರುತು ಹಾಕಿ ಕೊಟ್ಟರೆ ಅವಳಿಗೆ ನಮ್ಮ ಮನೆಯಿಂದ ಒಬ್ಬಟ್ಟು ಹೋಗುತ್ತಿತ್ತು. ಗುರುತಿಲ್ಲದ ಪುಟ ಓದುವವರು ದಡ್ಡರು, ಇಲ್ಲ ರ‍್ಯಾಂಕಿನವರು. ನಾನು ಎರಡೂ ಅಲ್ಲ.

ಆ ಕಾದಂಬರಿ ಬಸ್ ಸ್ಟ್ಯಾಂಡ್ ಎದುರಿನ ಒಂದು ಹೋಟೆಲಿನ, ಅದನ್ನು ನಡೆಸುವ ಮನೆಯವರ ಕತೆ. ಮೆಟ್ರೋದಲ್ಲಿ, ಊಟದ ಹೊತ್ತಿನಲ್ಲಿ, ಕುಕ್ಕರ್ ಕೂಗುವುದರೊಳಗೆ ಓದಿದೆ. ಓದುತ್ತಾ ಅಂಚಿನಲ್ಲಿ "ಇಂಪ್" ಎಂದು ಬರೆದೆ. ಬಹಳ ಮುಖ್ಯವಾದದ್ದಕ್ಕೆ ಮೊದಲಿಗೊಂದು "ವಿ" ಸೇರಿಸಿದೆ. ಪುಸ್ತಕ ಮುಗಿದಾಗ ಇಷ್ಟು ಒಳ್ಳೆಯ ತಾಯಿ ಈ ಬೀದಿಯಲ್ಲಿ ಯಾರಿದಾರೆ ಅನ್ನಿಸಿತು.

ಮಗಳು ವಾಪಸ್ ಬಂದ ಸಂಜೆ ಟೆರೇಸಿನಿಂದ ಬೇಗ ಇಳಿದು ಬಂದಳು.

"ಅಮ್ಮಾ, ಇದೇನಿದು?"

"ಇಂಪಾರ್ಟೆಂಟ್ ಹಾಕಿದೀನಿ ಪುಟ್ಟಿ. ನಿನಗೆ ಸುಲಭ ಆಗ್ಲಿ ಅಂತ."

"ಹೋಟೆಲಿಗೆ ಬೆಂಕಿ ಬೀಳುತ್ತಾ? ನಾನಿನ್ನೂ ಅಲ್ಲಿಗೆ ಬಂದೇ ಇರ್ಲಿಲ್ಲ. ದಪ್ಪಕ್ಕೆ ವಿ ಇಂಪ್ ಅಂತ ಕಾಣಿಸ್ತು, ಓದ್ಬಿಟ್ಟೆ." ಪುಟ ತಿರುಗಿಸಿದಳು. "ಬೆಂಕಿಗೆ ವೆರಿ ಇಂಪಾರ್ಟೆಂಟು. ತಾತ ಸಾಯೋದಕ್ಕೆ ಬರೀ ಇಂಪಾರ್ಟೆಂಟಾ?"

"ತಾತನಿಗೆ ವಯಸ್ಸಾಗಿತ್ತಲ್ಲೇ."

"ಹೌದಮ್ಮ, ನಮಗೆಲ್ಲ ಅಷ್ಟೇ ಮಾರ್ಕ್ಸು," ಅಂದರು ಅಮ್ಮ ಒಳಗಿನಿಂದ.

ಮಗಳು ನಗಲಿಲ್ಲ. "ನಾನು ಎಲ್ಲಿ ನಿಲ್ತೀನಿ ಅಂತ ನೋಡ್ಕೋಬೇಕಿತ್ತು. ಈಗ ಎಲ್ಲಾ ಕಡೆ ನೀನೇ ನಿಂತಿದೀಯ," ಎಂದಳು. ಪುಸ್ತಕ ಮುಚ್ಚಿ ಫ್ರಿಜ್ಜಿನ ಮೇಲಿಟ್ಟಳು.

ಅದು ಅಲ್ಲೇ ಇತ್ತು. ಹಾಲು ತೆಗೆಯಲು ಹೋದಾಗಲೆಲ್ಲ ನನ್ನನ್ನು ನೋಡುತ್ತಿತ್ತು. ಗಾಂಧಿ ಬಜಾರಿನಿಂದ ಒಳ್ಳೆಯ ರಬ್ಬರ್ ತಂದು, ಭಾನುವಾರ ಇಡೀ ಕೂತು ಒಂದೊಂದೇ ಅಳಿಸಿದೆ. ಸೀಸ ಹೋಯಿತು, ಒತ್ತಿ ಬರೆದ ಗುರುತು ಹೋಗಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಪ್ರತಿಯೊಂದು "ಇಂಪ್" ಕೂಡ ಎದ್ದು ಕಾಣುತ್ತಿತ್ತು. ಹೊಸ ಪ್ರತಿ ತಂದುಕೊಡುತ್ತೇನೆ ಎಂದೆ.

"ಹೊಸದು ತಂದ್ರೆ ಬೆಂಕಿ ಬೀಳೋದು ಮರೆತುಹೋಗುತ್ತಾ?" ಎಂದಳು. ಕೋಪದಿಂದ ಹೇಳಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಸುಮ್ಮನೆ ಕೇಳಿದಳು.

ಕೋರ್ಸೇ ಬೇಡ ಎಂದುಬಿಟ್ಟರೆ? ಎರಡು ವರ್ಷದ ಆಸೆಯನ್ನು ಒಂದು ಪೆನ್ಸಿಲ್ಲಿನಲ್ಲಿ ಕೆಡಿಸಿದೆನಲ್ಲ ಎಂದು ಅನ್ನ ಸೇರಲಿಲ್ಲ. ಅಂದರೆ, ಸಾರು ಸೇರಲಿಲ್ಲ. ಮಾವಿನಹಣ್ಣು ಹೇಗೋ ಸೇರಿತು. ಆಮೇಲೊಂದು ಸಂಜೆ ಫ್ರಿಜ್ಜಿನ ಮೇಲೆ ಪುಸ್ತಕ ಇರಲಿಲ್ಲ. ಟೆರೇಸಿಗೆ ಹೋಗಿ ನೋಡಬೇಕು ಅನ್ನಿಸಿತು. ಅಮ್ಮ ನನ್ನ ಸೆರಗು ಹಿಡಿದು ಕೂರಿಸಿದರು.

ಸ್ಕೂಲು ತೆರೆದ ವಾರ ಮಿಸ್ ಮುಂದೆ ಓದುವ ಅವಳ ಸರದಿ ಬಂತು. ಗೇಟಿನ ಹೊರಗೆ ಸಂಪಿಗೆ ಮರದ ಕೆಳಗೆ ಕಾದೆ. ಬೇಡ ಎಂದಿದ್ದಳು, ಆದರೂ ಕಾದೆ. ಬ್ಯಾಗು ಒಂದೇ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು.

"ಸಿಕ್ತು," ಎಂದಳು.

ಆಟೋದಲ್ಲಿ ಸ್ವಲ್ಪ ದೂರ ಬಂದ ಮೇಲೆ ಕೇಳಿದೆ, "ಯಾವ ಪುಟ ಓದ್ದೆ?"

"ಮಧ್ಯಾಹ್ನ ಹೋಟೆಲ್ ಖಾಲಿ ಇರುತ್ತಲ್ಲ, ಯಜಮಾನನ ಹೆಂಡತಿ ಗಿರಾಕಿಗಳು ಕೂರೋ ಮೇಜಲ್ಲಿ ಒಂದು ಸಲ ಕೂತು ನೀರು ಕುಡೀತಾಳಲ್ಲ, ಅದು."

"ಹೂಂ, ಅದು ಬಹಳ ಚೆನ್ನಾಗಿದೆ," ಎಂದೆ.

ನನಗೆ ಅದು ನೆನಪೇ ಇರಲಿಲ್ಲ. ಮನೆಗೆ ಬಂದು ಅವಳು ಸ್ನಾನಕ್ಕೆ ಹೋದಾಗ ಕುಕ್ಕರ್ ಇಟ್ಟು, ಪುಸ್ತಕ ತೆಗೆದು ಹುಡುಕಿದೆ. ಸಿಕ್ಕಿತು. ಅಂಚು ನುಣುಪಾಗಿತ್ತು, ರಬ್ಬರ್ ತಗುಲದ ಪುಟ. ಇಲ್ಲೇನೂ ನಡೆಯೋಲ್ಲ, ಇದು ಬರಲ್ಲ ಎಂದು ನಾನು ಹಾರಿಸಿಕೊಂಡು ಹೋಗಿದ್ದ ಪುಟ. ಅಡುಗೆಮನೆ ಬಾಗಿಲಲ್ಲಿ ನಿಂತು ಓದಿದೆ. ಯಜಮಾನನ ಹೆಂಡತಿ ಕೂರುತ್ತಾಳೆ, ಲೋಟ ಎತ್ತುತ್ತಾಳೆ, ರಸ್ತೆ ಕಡೆ ನೋಡುತ್ತಾಳೆ. ಅಷ್ಟೇ. ಇನ್ನೊಂದು ಸಲ ಓದಿದೆ.

"ಏನು ಮಾಡ್ತಿದೀಯ?" ಮಗಳು ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದಳು. ಮೊದಲು ನೋಡಿದ್ದು ನನ್ನ ಕೈಯನ್ನು, ಪೆನ್ಸಿಲ್ ಇರಲಿಲ್ಲ. ಆಮೇಲೆ ಪುಟ ನೋಡಿದಳು. "ಈಗ ಓದ್ತಿದೀಯಾ? ಆಟೋದಲ್ಲಿ ಚೆನ್ನಾಗಿದೆ ಅಂದೆ?"

"ಹೂಂ," ಎಂದೆ.

ಅವಳು ಕುರ್ಚಿ ಎಳೆದು ನನ್ನ ಕಡೆ ತಳ್ಳಿದಳು. "ಕೂತ್ಕೊಂಡು ಓದು."

ಕೂತೆ. ಕಿವಿ ಮಾತ್ರ ಕುಕ್ಕರಿನ ಕಡೆಗೇ ಇತ್ತು.