ಕಲ್ಲಿಲ್ಲದ ಅಕ್ಕಿ

ನಮ್ಮ ಅಜ್ಜಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ, ಮೊರ ನೋಡಿದರೆ ಗೊತ್ತಾಗುತ್ತಿತ್ತು. ನಜರ್‌ಬಾದಿನ ಆ ಮನೆಯಲ್ಲಿ ಮೊರ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಅಜ್ಜಿ ಅದನ್ನು ಇಳಿಸಿಕೊಂಡು, ಎರಡು ಸೇರು ಅಕ್ಕಿ ಸುರಿದುಕೊಂಡು, ನಡುಮನೆಯಲ್ಲಿ ಕಾಲು ಚಾಚಿ ಕುಳಿತರೆಂದರೆ ತಾತ ಪೇಪರ್ ಮಡಿಸಿ ಎದ್ದುಬಿಡುತ್ತಿದ್ದರು. "ಮೊರ ಕೆಳಗಿಳೀತು ಕಣ್ರೋ, ಎಲ್ಲಾ ಆಚೆ ನಡೀರಿ."

ನಾನು ಮಾತ್ರ ಕಂಬಕ್ಕೆ ಆತುಕೊಂಡು ಅಲ್ಲೇ ಕೂರುತ್ತಿದ್ದೆ. ಅಜ್ಜಿ ಅಕ್ಕಿ ಆರಿಸುವುದನ್ನು ನೋಡುವುದಕ್ಕಿಂತ ಕೇಳುವುದು ಚೆಂದ. ಒಂದೊಂದು ಕಲ್ಲಿಗೂ ಒಂದೊಂದು ಮಾತು.

"ಇದು ನಿಮ್ಮ ತಾತನ ಅಕ್ಕಂಗೆ. ನನ್ನ ಹುಳೀಲಿ ಉಪ್ಪಿಲ್ವಂತೆ! ಮೂರು ಸಲ ಬಡಿಸಿಕೊಂಡಾಗ ಗೊತ್ತಾಗ್ಲಿಲ್ವೇನು?" ಟಣ್ ಎಂದು ಕಲ್ಲು ಹಿತ್ತಾಳೆ ಬಟ್ಟಲಿಗೆ ಬೀಳುತ್ತಿತ್ತು. "ಇದು ನಿಮ್ಮ ತಾತಂಗೆ. ಅಕ್ಕ ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ರಲ್ಲ, ಅದಕ್ಕೆ." ಟಣ್.

ಅಕ್ಕಿ ಮುಗಿಯುವ ಹೊತ್ತಿಗೆ ಸಿಟ್ಟೂ ಮುಗಿದಿರುತ್ತಿತ್ತು. "ಹೋಗು, ಅವರನ್ನ ಕರಿ. ಕಾಫಿ ಬೇಕೇನೋ ಕೇಳು" ಎನ್ನುತ್ತಿದ್ದರು.

ಅಜ್ಜಿಯಿಂದ ನಾನು ಮಾತು ಕಲಿತೆ, ಹುಳಿ ಮಾಡುವುದು ಕಲಿತೆ. ಈ ವಿದ್ಯೆಯೊಂದು ಹತ್ತಲಿಲ್ಲ. ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದು ನಗುಮುಖವೇ ಅಭ್ಯಾಸವಾಗಿಹೋಗಿದೆ. ಯಾರಾದರೂ ಕಾಲು ತುಳಿದರೂ ನನ್ನ ಬಾಯಿಂದ ಮೊದಲು ಬರುವುದು "ಪರವಾಗಿಲ್ಲ ಬಿಡಿ".

ರಾಮಕೃಷ್ಣನಗರದಲ್ಲಿ ನಮ್ಮ ಎದುರುಮನೆಯಲ್ಲಿರುವಾಕೆ ಟೈಲರ್. ಮನೆಯಲ್ಲೇ ಬ್ಲೌಸು ಹೊಲಿಯುತ್ತಾರೆ. ನನಗೆ ಕಣ್ಣಿನ ಆಪರೇಷನ್ ಆದಾಗ ಹದಿನೈದು ದಿನ ಸಾರು, ಮುದ್ದೆ ತಂದುಕೊಟ್ಟ ಪುಣ್ಯಾತ್ಗಿತ್ತಿ. ಈ ವಯಸ್ಸಿನಲ್ಲಿ ಹೊಸದಾಗಿ ಸಿಕ್ಕ ಗೆಳತಿ ಎಂದರೆ ಅವರೊಬ್ಬರೇ. ಬೆಳಗ್ಗೆ ಆರು ಗಂಟೆಗೆ ಒಂದು ಪ್ಲಾಸ್ಟಿಕ್ ಕವರ್ ಹಿಡಿದು ನಮ್ಮ ಕಾಂಪೌಂಡಿಗೆ ಬರುವುದು ಅವರ ಪದ್ಧತಿ. ಅಲ್ಲಿ ಕೆಂಪು ದಾಸವಾಳದ ಗಿಡವಿದೆ, ನಜರ್‌ಬಾದಿನ ಬಾವಿಕಟ್ಟೆಯ ಪಕ್ಕದಿಂದ ಕಡ್ಡಿ ತಂದು ನೆಟ್ಟಿದ್ದು. ದಿನಕ್ಕೊಂದು ಹೂವು ಅಜ್ಜಿಯ ಫೋಟೋಗೆ ಎಂದು ನನ್ನ ಆಸೆ. ನಾನು ಹಾಲು ಕಾಯಿಸಿ ಹೊರಗೆ ಬರುವಷ್ಟರಲ್ಲಿ ಗಿಡದಲ್ಲಿ ಕೈಗೆಟುಕದ ಒಂದು ಹೂವು ಬಿಟ್ಟರೆ ಎಲೆ ಮಾತ್ರ ಇರುತ್ತಿತ್ತು.

ಮೊದಲ ದಿನವೇ ಹೇಳಿಬಿಡಬಹುದಿತ್ತು. ನಾನು ಹೇಳಿದ್ದೇನು? "ಅಯ್ಯೋ ತಗೊಳ್ಳಿ, ದೇವರಿಗೇ ತಾನೇ! ಅಲ್ಲಿ ನೋಡಿ, ಮೇಲೊಂದಿದೆ." ಹೇಳಿದ್ದಲ್ಲದೆ ಕೊಂಬೆಯನ್ನೂ ಬಗ್ಗಿಸಿ ಕೊಟ್ಟೆ. ಮೂರು ವರ್ಷ ಬಗ್ಗಿಸಿ ಕೊಟ್ಟೆ. ಒಳಗೆ ಹೊಟ್ಟೆ ಉರಿದಷ್ಟೂ ಹೊರಗೆ ನನ್ನ ಮರ್ಯಾದೆ ಹೆಚ್ಚುತ್ತಿತ್ತು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಗ್ರಹಚಾರ, ನಮ್ಮ ಯಜಮಾನರಿಗೂ.

"ಇವತ್ತೂ ಕೊಂಬೆ ಬಗ್ಗಿಸಿದೆಯಾ?" ಎಂದು ಅವರು ಪೇಪರಿನ ಹಿಂದಿನಿಂದ ಕೇಳುತ್ತಿದ್ದರು.

"ನನಗೇನೂ ಸಿಟ್ಟಿಲ್ಲ!"

"ಇಲ್ಲ ಇಲ್ಲ. ಆ ಲೋಟಕ್ಕೆ ಬಂದಿರಬೇಕು."

ಬರಬರುತ್ತಾ ಎದುರುಮನೆಯಾಕೆ ಕೂಗಿದರೆ ಕೇಳಿಸದ ಹಾಗೆ ಒಳಗೆ ಸರಿಯತೊಡಗಿದೆ. ಅವರು ತಂದ ಒಬ್ಬಟ್ಟಿನಲ್ಲೂ ಕೊಂಕು ಹುಡುಕಿದೆ. ಭಾನುವಾರ ಬೆಳಗ್ಗೆ ಇಬ್ಬರೂ ಕೂಡಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದೊಂದು ರೂಢಿಯಾಗಿತ್ತು. ಅದನ್ನೂ ಬಿಟ್ಟುಬಿಡೋಣ, ಗೇಟಿಗೆ ಬೀಗ ಹಾಕಿಬಿಡೋಣ, ಈ ಸಹವಾಸವೇ ಸಾಕು ಎನ್ನುವವರೆಗೆ ಬಂದಿದ್ದೆ.

ಹೋದ ಚಳಿಗಾಲದ ಒಂದು ಶನಿವಾರ ನನಗೇ ಗೊತ್ತಿಲ್ಲದೆ ಮೊರ ಹಿಡಿದು ಕುಳಿತಿದ್ದೆ. ಯಜಮಾನರು ಬಂದು ಬಗ್ಗಿ ನೋಡಿದರು. "ಪ್ಯಾಕೆಟ್ ಅಕ್ಕಿ ಕಣೇ. ಅದರಲ್ಲಿ ಏನು ಹುಡುಕ್ತಿದ್ದೀಯ?"

ನಾನೂ ನೋಡಿದೆ. ಬೆಳ್ಳಗೆ, ತೊಳೆದ ಮುತ್ತಿನ ಹಾಗಿದ್ದ ಅಕ್ಕಿ. ಒಂದೇ ಒಂದು ಕಲ್ಲಿಲ್ಲ. ಕಾಲು ಚಾಚಿಕೊಂಡಿದ್ದೂ ಅಜ್ಜಿಯ ಹಾಗೆಯೇ. ಆಗ ಪಕ್ಕನೆ ಹೊಳೆಯಿತು, ಓಹೋ, ನನಗೆ ಸಿಟ್ಟು ಬಂದಿದೆ! ಮೂರು ವರ್ಷದಿಂದ ಬಂದಿದೆ! ನಗು ಬಂತು, ಅದರ ಹಿಂದೆಯೇ ಪೇಚಾಟವೂ ಬಂತು. ಕಲ್ಲೇ ಇಲ್ಲದ ಅಕ್ಕಿಯಲ್ಲಿ ಇಷ್ಟೊಂದು ಸಿಟ್ಟನ್ನು ಎತ್ತಿ ಹಾಕುವುದಾದರೂ ಎಲ್ಲಿ?

ಮರುದಿನ ಭಾನುವಾರ. ಮೆಟ್ಟಿಲ ಮೇಲೆ ನಾನು ದಡದಡ ಮುಂದೆ ಹೋಗುತ್ತಿದ್ದೆ.

"ಟೀಚರೇ, ಒಸಿ ನಿಲ್ರೀ! ಬಸ್ಸು ತಪ್ಪೋದೋರಂಗೆ ಓಯ್ತಿದೀರಲ್ಲ!"

ನಿಂತೆ. ಎದುರುಮನೆಯಾಕೆ ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಕುಳಿತು ಚೀಲದಿಂದ ಕವರ್ ತೆಗೆದು ಹೆಮ್ಮೆಯಿಂದ ಬಿಚ್ಚಿದರು. "ಅಮ್ಮನೋರ್ಗೆ ಅಂತ ತಂದೆ. ನೋಡ್ರೀ, ಎಂಗವೆ!"

ಹನ್ನೊಂದು ದಾಸವಾಳ. ನನ್ನ ದಾಸವಾಳ. "ಪರವಾಗಿಲ್ಲ" ಎನ್ನಲು ಬಾಯಿ ತೆರೆದೆ. ಬಂದದ್ದೇ ಬೇರೆ.

"ಒಂದನ್ನಾದ್ರೂ ಬಿಡಬಾರದಾ ನೀವು? ನಮ್ಮಜ್ಜಿ ಗಿಡ ಅದು! ಮೂರು ವರ್ಷದಿಂದ ನಮ್ಮಜ್ಜಿ ಫೋಟೋಗೆ ಅಂಗಡಿ ಸೇವಂತಿಗೆ ಇಡ್ತಿದ್ದೀನಿ, ಗೊತ್ತಾ?"

ಕ್ಲಾಸಿನ ದನಿ ಅದು, ಕೊನೆಯ ಬೆಂಚಿಗೂ ಕೇಳುವಂಥದ್ದು. ಹರಕೆ ಹೊತ್ತು ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಿದ್ದ ಒಬ್ಬ ಹೆಂಗಸು ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ ನೋಡಿದಳು. ಮುಗಿಯಿತು, ಇನ್ನು ಈಕೆ ನನ್ನ ಹೊಸಿಲು ತುಳಿಯುವುದಿಲ್ಲ ಅಂದುಕೊಂಡೆ.

ಆಕೆ ಕಣ್ಣು ಪಿಳಿಪಿಳಿ ಬಿಟ್ಟರು. "ನೀವೇ ಕೊಂಬೆ ಬಗ್ಗಿಸ್ಕೊಡ್ತಿದ್ರಲ್ರೀ! ಬುಟ್ಟೋದ್ರೆ ಟೀಚರಮ್ಮ ಬೇಜಾರ್ ಮಾಡ್ಕತಾರೆ ಅಂತ, ಬ್ಯಾಡ್ದಿದ್ ದಿನ್ವೂ ಕಿತ್ಕಂಡೋಗಿವ್ನಿ!"

ನಾನೂ ಅವರ ಪಕ್ಕ ಕುಳಿತುಬಿಟ್ಟೆ.

"ನಂದೂ ಒಂದದೆ. ಏಳ್ಬುಡ್ಲಾ?"

"ಹೇಳಿ."

"ಈ ಬೆಟ್ಟ! ವಾರ ವಾರ ಬೆಳಗಾಗೋದೇ ತಡ, ಬಂದು ಗೇಟ್ ಬಡೀತೀರಿ. ಮಂಡಿ ನೋವು ಕಣ್ರೀ ನಂಗೆ! ಪ್ರೀತಿಯಿಂದ ಕರೀತಾರೆ, ಎಂಗ್ ಒಲ್ಲೆ ಅನ್ನದು ಅಂತ ಸುಮ್ಕಿವ್ನಿ. ಮನೇಗೋಗಿ ಮುಲಾಮ್ ಅಚ್ಕಂಡ್ ನಿಮ್ಮನ್ ಬಯ್ಕತೀನಿ."

"ಬಯ್ತೀರಾ? ಏನಂತ?"

"ಬೆಟ್ಟದ್ ಮೇಲೆ ಏಳೋ ಮಾತಾ ಅದು!"

ಅಷ್ಟರಲ್ಲಿ ಆ ಕುಂಕುಮದ ಹೆಂಗಸು ಮೆಲ್ಲಗೆ ಕೇಳಿದಳು. "ಜಗಳ ಮುಗೀತಾ ಅಮ್ಮಾ? ನೀವು ಕೂತಿರೋ ಮೆಟ್ಲೊಂದು ಬಾಕಿ ಇದೆ."

ಮೊದಲು ನಕ್ಕಿದ್ದು ಯಾರೋ ನೆನಪಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹತ್ತು ಹೂವನ್ನು ದೇವಿಗೆ ಮುಟ್ಟಿಸಿ ಎಂದು ಆ ಹೆಂಗಸಿನ ಕೈಗೆ ಕೊಟ್ಟೆವು. ಒಂದನ್ನು ನನ್ನ ಕೈಗಿಟ್ಟು ಆಕೆ, "ಇದು ನಿಮ್ಮಜ್ಜೀಗೆ" ಅಂದರು. ಅರ್ಧ ಬೆಟ್ಟದಿಂದಲೇ, ಮಂಡಿಗೆ ನೋವಾಗದ ಹಾಗೆ ಒಬ್ಬರ ಕೈ ಒಬ್ಬರು ಹಿಡಿದು ಇಳಿದುಬಂದೆವು.

ಈಗ ಭಾನುವಾರ ಬೆಟ್ಟವಿಲ್ಲ. ಅವರೆಕಾಯಿ ಕಾಲ ಮುಗಿಯುವವರೆಗೆ ನಮ್ಮ ನಡುಮನೆಯಲ್ಲಿ ನೆನೆಸಿದ ಅವರೆಕಾಳಿನ ಬೋಗುಣಿ ಮಧ್ಯೆ ಇಟ್ಟುಕೊಂಡು ಹಿತುಕಲು ಕೂರುತ್ತಿದ್ದೆವು. ಕಾಳನ್ನು ಬೆರಳಲ್ಲಿ ಒತ್ತಿದರೆ ಬೇಳೆ ಸಿಪ್ಪೆ ಬಿಟ್ಟು ಚಂಗನೆ ಹಾರುತ್ತದೆ. "ಇದು ಬ್ಲೌಸ್ ಅಳತೆ ಮೂರ್ ಸಲ ಬದಲಾಯಿಸಿದೋಳ್ಗೆ!" ಎಂದು ಅವರು. "ಇದು ಪೇಪರ್ ಹಿಂದೆ ಬಚ್ಚಿಟ್ಟುಕೊಳ್ಳೋರಿಗೆ!" ಎಂದು ನಾನು. ಮೊದಲ ವಾರವೇ ಯಜಮಾನರು ಪೇಪರ್ ಮಡಿಸಿ ಎದ್ದು ಆಚೆ ಹೋದರು. ಥೇಟ್ ತಾತನ ಹಾಗೆ.

ಹೂವಿನ ವಿಷಯವೂ ಇತ್ಯರ್ಥವಾಗಿದೆ. ಆಕೆ ದಿನಾ ಒಂದನ್ನು ಮರೆಯದೆ ಬಿಟ್ಟುಹೋಗುತ್ತಾರೆ, ಆದರೆ ತುತ್ತತುದಿಯ ಕೊಂಬೆಯಲ್ಲಿ. ಮೊನ್ನೆ ಸೀದಾ ಗೇಟಿಗೆ ಹೋಗಿ ಕೂಗಿಯೇಬಿಟ್ಟೆ.

"ರೀ! ಕೈಗೆಟುಕೋದನ್ನ ಬಿಡ್ರೀ!"

ಮಿಷನ್ ಸದ್ದು ನಿಂತಿತು. ಕಿಟಕಿಯಿಂದ ತಲೆ ಹೊರಗೆ ಬಂತು.

"ಕೊಂಬೆ ಬಗ್ಗಿಸಾದು ನಿಮ್ಗೇನ್ ಒಸದಾ ಟೀಚರೇ?"