ಕಣದಂಥ ದಾರಿ

ಹಿರಿಯೂರು ಸೀಮೆಯ ಬೋರನಹಟ್ಟಿಯಲ್ಲಿ ಯಾರು ರಾಗಿ ಕಣ ಮಾಡಿಸಿದರೂ ತಿಪ್ಪಕ್ಕ ಬಂದು ನಿಲ್ಲಬೇಕು. ನೆಲ ಕೆತ್ತಿ, ನೀರು ಚಿಮುಕಿಸಿ, ಕುರಿ ಹಿಂಡಿನಿಂದ ತುಳಿಸಿ, ಮೇಲೆ ಸಗಣಿ ಸಾರಿಸಿ ಅವಳು ಮಾಡಿದ ಕಣದಲ್ಲಿ ಕಾಳು ಇಟ್ಟಲ್ಲೇ ಇರುತ್ತದೆ, ಉರುಳುವುದಿಲ್ಲ ಎಂದು ಹಟ್ಟಿಯಲ್ಲಿ ಮಾತಿತ್ತು. ಗಂಡ ಬೋರಪ್ಪನ ಸೊಂಟ ಹಿಡಿದುಕೊಂಡ ಮೇಲೆ ಮನೆಯ ಸಣ್ಣ ಟ್ರ್ಯಾಕ್ಟರಿಗೂ ಅವಳೇ ಹತ್ತಿದಳು. ಮೊದಲ ದಿನ ಸೆರಗು ಸಿಕ್ಕಿಸಿ, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಗಾಡಿ ಚಾಲೂ ಮಾಡಿದ್ದಳು. ಈಗ ಐವತ್ತು ದಾಟಿದ್ದಾಳೆ, ಆ ನಮಸ್ಕಾರ ಮಾತ್ರ ತಪ್ಪಿಲ್ಲ.

ಹಟ್ಟಿಯಿಂದ ಡಾಂಬರು ರಸ್ತೆಗೆ ಹೋಗುವುದು ಮಣ್ಣಿನ ದಾರಿ. ಆ ದಾರಿಯಲ್ಲೇ ಬೆಳಿಗ್ಗೆ ಸಂಜೆ ಹಾಲಿನ ವ್ಯಾನು ಬಂದು ಬೇವಿನ ಮರದ ಕೆಳಗೆ ನಿಲ್ಲುತ್ತದೆ. ಕೊರಕಲು ಬಿದ್ದ ದಾರಿಯಲ್ಲಿ ವ್ಯಾನು ಓಡಿಸಿ ಬೇಸತ್ತ ಪರಮೇಶ್ ಬೇಸಿಗೆಯಲ್ಲೇ ಹೇಳಿಬಿಟ್ಟ. ಮಳೆ ಹಿಡಿಯುವುದರೊಳಗೆ ದಾರಿ ಸರಿಯಾಗದಿದ್ದರೆ ವ್ಯಾನು ಡಾಂಬರಿನಲ್ಲೇ ನಿಲ್ಲುತ್ತದೆ, ಹಾಲು ಅಲ್ಲಿಗೇ ಹೊತ್ತು ತರಬೇಕು. ಗಟ್ಟಿಮುಟ್ಟಾದವರು ಹೇಗೋ ಹೊರುತ್ತಿದ್ದರು. ಪಕ್ಕದ ಮನೆಯ ಕಾಳಕ್ಕನಿಗೆ ಮಂಡಿನೋವು, ಒಂಟಿ ಜೀವ, ಇರುವುದೊಂದೇ ಹಸು. ವ್ಯಾನು ಬರದಿದ್ದರೆ ಹಸು ಮಾರಿಬಿಡುತ್ತೇನೆ ಎಂದು ಅವಳು ಕೊಟ್ಟಿಗೆಯ ಬಾಗಿಲಲ್ಲಿ ಕೂತು ಹೇಳಿದ್ದನ್ನು ತಿಪ್ಪಕ್ಕ ಕೇಳಿಸಿಕೊಂಡಳು. ಮರುದಿನ ಮೈದುನ ಅಂಜನಪ್ಪನನ್ನು ಕರೆದುಕೊಂಡು ಹಿರಿಯೂರಿಗೆ ಹೊರಟಳು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಬ್ಲೇಡು ತರುವುದಕ್ಕೆ.

ವರ್ಕ್‌ಶಾಪಿನ ಶಿವರಾಜ್ ಸಾಲಾಗಿ ನಿಲ್ಲಿಸಿದ್ದ ಬ್ಲೇಡುಗಳನ್ನು ತೋರಿಸಿದ. ಅಂಜನಪ್ಪನ ಕಣ್ಣು ಎಲ್ಲಕ್ಕಿಂತ ದೊಡ್ಡದರ ಮೇಲೆ ಬಿತ್ತು. ಒಂದೇ ಸಲಕ್ಕೆ ದಾರಿಯೆಲ್ಲ ಬಳಿದುಹೋಗುತ್ತದೆ ಎಂಬುದು ಅವನ ಲೆಕ್ಕ. ತಿಪ್ಪಕ್ಕ ಮಡಿಲಿನಿಂದ ಒಂದು ಹಗ್ಗ ತೆಗೆದಳು. ತನ್ನ ಟ್ರ್ಯಾಕ್ಟರಿನ ಹಿಂದಿನ ಎರಡು ಟೈರುಗಳ ಹೊರ ಅಂಚಿನಿಂದ ಅಂಚಿಗೆ ಹಿಡಿದು, ಮನೆಯಲ್ಲೇ ಗಂಟು ಹಾಕಿ ತಂದಿದ್ದಳು.

“ಅದನ್ನ ಎತ್ತಿದ್ರೆ ನನ್ನ ಗಾಡಿ ಮುಂದಿನ ಚಕ್ರ ಆಕಾಶ ನೋಡ್ತವೆ ಕಣೋ” ಎಂದಳು.

ಸಣ್ಣ ಬ್ಲೇಡು ಹಗ್ಗಕ್ಕೆ ಸರಿಯಾಗಿಯೇ ಇತ್ತು. ಶಿವರಾಜ್ ಅದನ್ನು ಓರೆ ತಿರುಗಿಸಿದಾಗ ಮಾತ್ರ ಹಗ್ಗ ಎರಡೂ ಕಡೆ ಹೊರಗುಳಿಯಿತು. ಅಂದರೆ ಅವಳು ಬಳಿದ ನೆಲದ ಮೇಲೆ ಅವಳ ಟೈರಿನ ಗುರುತೇ ಉಳಿಯುತ್ತದೆ. ನಡುವಿನ ಅಳತೆಯದನ್ನು ಓರೆ ಮಾಡಿದರೂ ಅದು ಹಗ್ಗವನ್ನು ಮುಚ್ಚಿತು. ಅದನ್ನೇ ಆರಿಸಿದಳು. ಪಿನ್ನು ಕಿತ್ತು, ಬ್ಲೇಡು ತಿರುಗಿಸಿ, ಪಕ್ಕದ ತೂತಿಗೆ ಪಿನ್ನು ಹಾಕಿದರೆ ಮಣ್ಣು ಒಂದು ಮಗ್ಗುಲಿಗೆ ಜಾರುತ್ತದೆ, ದಾರಿ ಮಾಡುವುದಕ್ಕೆ ಹಾಗೇ ಇಡಬೇಕು ಎಂದು ಶಿವರಾಜ್ ವಿವರಿಸಿದ. ತಿಪ್ಪಕ್ಕ ತಲೆಯಾಡಿಸಿದಳು.

ಆದರೆ ಹಟ್ಟಿಗೆ ಬಂದು ಬ್ಲೇಡಿಗೆ ಕುಂಕುಮ ಇಟ್ಟು ದಾರಿಗಿಳಿದಾಗ ಅವಳ ಕಣ್ಣಿಗೆ ಕಂಡದ್ದು ಉದ್ದನೆಯ ಕಣ. ಪಿನ್ನನ್ನು ನೇರದ ತೂತಿಗೇ ಹಾಕಿದಳು. ಉಬ್ಬು ಬಳಿದಳು, ಕೊರಕಲು ಮುಚ್ಚಿದಳು, ನೀರು ಚಿಮುಕಿಸಿದಳು. ಹಿಂದೆಯೇ ಅಂಜನಪ್ಪ ಹಿಂಡು ಹೊಡೆದ. ಕುರಿಗಳ ಗೊರಸಿಗೆ ಮಣ್ಣು ಕೂತು ಗಟ್ಟಿಯಾಯಿತು. ಸಂಜೆ ಹಟ್ಟಿಯವರೆಲ್ಲ ಬಂದು, ಇದರ ಮೇಲೆ ರಾಗಿ ಒಕ್ಕಬಹುದು ಎಂದು ಹೊಗಳಿದರು. ಅಷ್ಟು ಮಟ್ಟಸವಾಗಿತ್ತು.

ಮೊದಲ ಮಳೆ ರಪರಪನೆ ಬಿತ್ತು. ಮಟ್ಟಸವಾದ ದಾರಿಯ ಮೇಲೆ ನೀರು ಎತ್ತಲೂ ಹರಿಯದೆ ನಿಂತಿತು, ಮಣ್ಣು ನೆನೆದು ಮೆತ್ತಗಾಯಿತು. ಬೆಳಿಗ್ಗೆ ವ್ಯಾನಿನ ಹಿಂದಿನ ಚಕ್ರ ಹೂತುಹೋಗಿ ಹೆಂಗಸರೆಲ್ಲ ಸೇರಿ ನೂಕಿದರು. ಪರಮೇಶನ ಪ್ಯಾಂಟು ಮೊಣಕಾಲಿನವರೆಗೆ ಕೆಸರು.

“ತಿಪ್ಪಕ್ಕ, ರಸ್ತೆ ಮಾಡಿದ್ರೋ ಕೆರೆ ಕಟ್ಟಿದ್ರೋ?” ಎಂದ. “ಇನ್ನೊಂದು ಮಳೆ ನೋಡ್ತೀನಿ. ಆಗ್ಲೂ ಹೂತ್ಕಂಡ್ರೆ ಹಟ್ಟಿಗೆ ಬರಲ್ಲ.”

ಕಾಳಕ್ಕ ತನ್ನ ಕೊಟ್ಟಿಗೆಯ ಕಡೆ ಒಮ್ಮೆ ನೋಡಿದಳು. ಖಾಲಿ ಕ್ಯಾನು ಹಿಡಿದು ಮನೆಗೆ ನಡೆದಳು. ಆ ನೋಟವೇ ತಿಪ್ಪಕ್ಕನಿಗೆ ಪರಮೇಶನ ಮಾತಿಗಿಂತ ಹೆಚ್ಚು ತಾಗಿತು.

ಮನೆಗೆ ಬಂದು ಕೈಕಾಲು ತೊಳೆದು ದೇವರ ದೀಪ ಹಚ್ಚಿದಳು. ಹೊರಗೆ ಜಡಿಮಳೆ ಇನ್ನೂ ಬೀಳುತ್ತಿತ್ತು. ಅಂಜನಪ್ಪ ರೊಪ್ಪದಿಂದ ಕುರಿ ಬಿಡುತ್ತಿದ್ದ. ಅವುಗಳ ಬೆನ್ನಿನ ನಡುವೆ ಉಣ್ಣೆ ಬೈತಲೆ ತೆಗೆದಂತೆ ಇಬ್ಭಾಗವಾಗಿ, ನೀರು ಎರಡು ಪಕ್ಕೆಗೂ ಇಳಿಯುತ್ತಿತ್ತು. ಒಂದು ಕುರಿಯ ಬೆನ್ನ ಮೇಲೂ ನೀರು ನಿಂತಿರಲಿಲ್ಲ. ತಿಪ್ಪಕ್ಕ ನೋಡುತ್ತಾ ನಿಂತಳು. ಆಮೇಲೆ ಅಂಜನಪ್ಪನ ಕಡೆ ತಿರುಗಿ ನಕ್ಕಳು.

“ಕಣದಾಗೆ ಕಾಳು ನಿಲ್ಬೇಕು, ದಾರ್ಯಾಗೆ ನೀರು ನಿಲ್ಬಾರ್ದು. ಬ್ಲೇಡು ಕೊಟ್ಟ ಆವಯ್ಯ ಹೇಳಿ ಕಳಿಸಿದ್ರೂ ನಾನು ಕಣ ಮಾಡಿ ಕುಂತೆ ನೋಡು.”

ಕೆಸರಿನಲ್ಲಿ ಬ್ಲೇಡು ಇಳಿಸುವ ಆತುರ ಮಾಡಲಿಲ್ಲ. ಮಳೆ ಬಿಟ್ಟ ಮೇಲೆ ದಿನವೂ ಹೋಗಿ ಒಂದು ಹಿಡಿ ಮಣ್ಣು ಹಿಸುಕಿ ನೋಡುತ್ತಿದ್ದಳು. ಉಂಡೆ ಕಟ್ಟಿ, ಹೆಬ್ಬೆರಳು ಒತ್ತಿದರೆ ಒಡೆಯುವ ಹದ ಬಂದ ದಿನ ಸ್ಟೀರಿಂಗಿಗೆ ನಮಸ್ಕಾರ ಮಾಡಿ ಹತ್ತಿದಳು. ಈ ಸಲ ಪಿನ್ನು ಓರೆಯ ತೂತಿನಲ್ಲಿತ್ತು. ದಾರಿಯ ಒಂದು ಅಂಚು ಹಿಡಿದು ಹೋದಳು, ಮಣ್ಣು ನಡುವಿಗೆ ಜಾರಿತು. ಇನ್ನೊಂದು ಅಂಚು ಹಿಡಿದು ವಾಪಸು ಬಂದಳು, ಅದೂ ನಡುವಿಗೇ ಬಂತು. ಒಂದೇ ಸಲ ಆಳಕ್ಕೆ ಇಳಿಸಿದರೆ ಬ್ಲೇಡು ಕಚ್ಚಿಕೊಂಡು ಗಾಡಿ ಉಸಿರು ಕಟ್ಟುತ್ತದೆ. ಅದಕ್ಕೇ ಲಿವರು ಒಂದಿಷ್ಟು ಎತ್ತಿ ಹಿಡಿದು, ದೋಸೆ ಎಬ್ಬಿಸಿದಂತೆ ತೆಳ್ಳಗೆ ಕೆರೆಯುತ್ತಾ ಹೋದಳು. ಅಂಚುಗಳಲ್ಲಿ ತಾನಾಗಿಯೇ ಸಣ್ಣ ಕಾಲುವೆ ಬಿತ್ತು. ಕೊನೆಗೆ ಬ್ಲೇಡನ್ನು ಹಿಂದುಮುಂದಾಗಿ ತಿರುಗಿಸಿ, ಅದರ ಬೆನ್ನಿನಿಂದ ಹೆಂಟೆ ಒಡೆದು ಸವರಿದಳು.

ಅಂಜನಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡಿದ. “ಅತ್ತಿಗೆ, ನಿಮ್ಮ ಕಣ ಗೂನು ಬಿತ್ತಲ್ರೀ.”

“ಬೀಳ್ಲಿ ಬಿಡು. ನೀನು ನಡುವ್ಯಾಗೆ ಕುರಿ ನಡೆಸು.”

ಹಿಂಡು ಹೋಯಿತು, ಬಂತು, ಮತ್ತೆ ಹೋಯಿತು.

ಮುಂದಿನ ಮಳೆ ಬೆಳಗಿನ ಜಾವಕ್ಕೆ ಸುರಿಯಿತು. ಹಾಲಿನ ಹೊತ್ತಿಗೆ ಕಾಳಕ್ಕ ಕ್ಯಾನಿಗೆ ಸೆರಗು ಮುಚ್ಚಿಕೊಂಡು ಬೇವಿನ ಮರದಡಿ ನಿಂತಿದ್ದಳು. ದಾರಿಯ ಎರಡೂ ಬದಿ ಕೆಂಪು ನೀರು ಸದ್ದು ಮಾಡುತ್ತಾ ಹರಿಯುತ್ತಿತ್ತು. ನಡುವೆ ಗೊರಸಿನ ಗುರುತುಗಳು ಹಾಗೇ ಇದ್ದವು. ಹಾರ್ನು ಕೇಳಿತು. ವ್ಯಾನು ಎಲ್ಲೂ ತಡೆಯದೆ ಬಂದು ನಿಂತಿತು. ಮೊದಲು ಅಳೆದದ್ದು ಕಾಳಕ್ಕನ ಹಾಲು.

ಪರಮೇಶ್ ಇಳಿದು ಚಕ್ರ ನೋಡಿದ, ದಾರಿ ನೋಡಿದ. ಹೊಗಳುವ ಜಾತಿಯವನಲ್ಲ. ಕ್ಯಾನುಗಳೆಲ್ಲ ತುಂಬಿದ ಮೇಲೆ ತಿಪ್ಪಕ್ಕನ ಹತ್ತಿರ ಬಂದು, ತನ್ನ ರೂಟಿನಲ್ಲಿ ಮುಂದಿನ ಹಟ್ಟಿಯ ದಾರಿಯೂ ಹೀಗೇ ಕೆಟ್ಟಿದೆ, ಒಂದು ಸಲ ಬಂದು ನೋಡಲಾದೀತೇ ಎಂದು ಕೇಳಿದ.

ತಿಪ್ಪಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ಬರ್ತೀನಂತೆ. ಅಲ್ಲಿ ಕುರಿ ಎಷ್ಟವೆ, ಮೊದ್ಲು ಅದನ್ನ ಕೇಳ್ಕಂಡು ಬಾ.”